ಟಾರ್ಚ್ ಆರಿಸಿದ್ದು ಯಾರು? ದೃಶ್ಯದೊಳಗೆ ಅರ್ಥ ಹುಟ್ಟುವ ಬಗೆ

(ಇದೊಂದು ಚರ್ಚೆ. ಪ್ರತಿ ಮಾತಿನ ಮೇಲಿರುವುದು ಭಾಗವಹಿಸಿದವರು ಇಟ್ಟುಕೊಂಡ ಹೆಸರು.)

ರಂಗಸೂಚನೆ:
ದೃಶ್ಯ ವಿಶ್ಲೇಷಣೆ ಅಂತ ತಲೆಬರಹ ಹೊತ್ತು ಬರುವ ಬರಹಗಳು ಹೆಚ್ಚಾಗಿ ಎರಡು ಗುಂಡಿಗಳಲ್ಲಿ ಒಂದಕ್ಕೆ ಬೀಳುತ್ತವೆ. ಕಥೆಯನ್ನೇ ಮತ್ತೆ ಹೇಳುವುದು ಮೊದಲನೆಯದು: ಅವನು ಬಂದ, ಅವಳು ಅತ್ತಳು, ನೋವು ಚೆನ್ನಾಗಿ ಮೂಡಿದೆ. ಎರಡನೆಯದು ಸಂಕೇತದ ಬೇಟೆ: ಕೆಂಪು ಅಂದರೆ ಅಪಾಯ, ಕಿಟಕಿ ಅಂದರೆ ಬಿಡುಗಡೆ, ಮಳೆ ಅಂದರೆ ದುಃಖ. ದೃಶ್ಯ ತನ್ನ ಕೆಲಸವನ್ನು ಹೇಗೆ ಮಾಡಿತು ಅನ್ನುವುದು ಎರಡರಲ್ಲೂ ಸಿಗುವುದಿಲ್ಲ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಕೆಳಗೆ ಒಂದು ಪುಟ್ಟ ದೃಶ್ಯ ಹಾಕಿದ್ದೇನೆ. ಈ ಚರ್ಚೆಗೆಂದೇ ಹೆಣೆದದ್ದು. ಹಿನ್ನೆಲೆ ಇಷ್ಟೇ: ತಂದೆ ತೀರಿಕೊಂಡು ಕೆಲವು ತಿಂಗಳಾಗಿದೆ. ಮನೆ ಮಾರಿಬಿಡಬೇಕು ಅನ್ನುವುದು ತಂಗಿಯ ಬಯಕೆ. ಅಣ್ಣ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ.

(ರಾತ್ರಿ. ಅಣ್ಣ ಮೇಜಿನ ಮುಂದೆ ಕೂತು ತಂದೆಯ ಹಳೆಯ ಗಡಿಯಾರ ಬಿಚ್ಚಿ ರಿಪೇರಿ ಮಾಡುತ್ತಿದ್ದಾನೆ. ತಂಗಿ ಬಾಗಿಲಲ್ಲಿ.)
ತಂಗಿ: ಇನ್ನೂ ನಡೀತಿಲ್ವಾ ಅಣ್ಣ ಅದು?
ಅಣ್ಣ: ನಡೆಯುತ್ತೆ. ಸ್ಪ್ರಿಂಗ್ ಒಂದು ಕೂರ್ತಿಲ್ಲ.
ತಂಗಿ: ವಕೀಲರು ಫೋನ್ ಮಾಡಿದ್ರು.
ಅಣ್ಣ: ಆ ಟಾರ್ಚ್ ಸ್ವಲ್ಪ ಈ ಕಡೆ ಹಿಡಿ.
(ಹಿಡಿಯುತ್ತಾಳೆ.)
ತಂಗಿ: ನಾಳೆ ಹನ್ನೊಂದಕ್ಕೆ ಬನ್ನಿ ಅಂದ್ರು.
ಅಣ್ಣ: ಅಲ್ಲಾಡಿಸ್ಬೇಡ.
(ಟಾರ್ಚ್ ಆರಿಸುತ್ತಾಳೆ.)
ಅಣ್ಣ: ಹನ್ನೊಂದಕ್ಕಾ?

ಇದರಲ್ಲಿ ಅರ್ಥ ಎಲ್ಲಿದೆ? ಅದನ್ನು ಬೆರಳಿಟ್ಟು ತೋರಿಸುವುದು ಹೇಗೆ? ರಂಗದ ಲೆಕ್ಕ ಬೇರೆ, ತೆರೆಯ ಲೆಕ್ಕ ಬೇರೆ ಅಂದರೂ ಸರಿ.

ಸಾಲುನಡುವೆ:
ಮಾತಿನಿಂದ ಶುರು ಮಾಡೋಣ. "ಮನೆ" ಎಂಬ ಪದ ಒಮ್ಮೆಯೂ ಬಂದಿಲ್ಲ. "ಮಾರಾಟ"ವೂ ಇಲ್ಲ, "ಅಪ್ಪ"ನೂ ಇಲ್ಲ. ತಂಗಿ ವಕೀಲರ ಮಾತೆತ್ತಿದ ಎರಡು ಸಲವೂ ಅಣ್ಣ ಉತ್ತರದ ಜಾಗದಲ್ಲಿ ಒಂದು ಅಪ್ಪಣೆ ಇಡುತ್ತಾನೆ: ಹಿಡಿ, ಅಲ್ಲಾಡಿಸಬೇಡ.

ಇಲ್ಲಿ ಉಪಯೋಗಕ್ಕೆ ಬರುವ ಹತಾರ ಕ್ರಿಯಾಪದ. ಪ್ರತಿ ಸಾಲಿನ ಪಕ್ಕದಲ್ಲಿ, ಈ ಸಾಲಿನಿಂದ ಈ ವ್ಯಕ್ತಿ ಎದುರಿನವರಿಗೆ ಏನು ಮಾಡುತ್ತಿದ್ದಾರೆ ಅಂತ ಒಂದೇ ಪದದಲ್ಲಿ ಬರೆಯಿರಿ. ಕೆಣಕುತ್ತಾಳೆ, ಸಾಗಹಾಕುತ್ತಾನೆ, ಮುಂದಿಡುತ್ತಾಳೆ, ಕೆಲಸಕ್ಕೆ ಹಚ್ಚುತ್ತಾನೆ, ಒತ್ತುತ್ತಾಳೆ, ಗದರುತ್ತಾನೆ, ಕಸಿದುಕೊಳ್ಳುತ್ತಾಳೆ, ಸೋಲುತ್ತಾನೆ. "ದುಃಖಪಡುತ್ತಾಳೆ", "ಬೇಸರದಲ್ಲಿದ್ದಾನೆ" ಇವು ಇಲ್ಲಿ ಸಲ್ಲುವುದಿಲ್ಲ. ಅವು ಸ್ಥಿತಿ; ಎದುರಿನವರಿಗೆ ತಾಗುವುದಿಲ್ಲ. ನನ್ನ ಪಟ್ಟಿಯ ಕೊನೆಯ "ಸೋಲುತ್ತಾನೆ" ಕೂಡ ಅದೇ ಕಾರಣಕ್ಕೆ ತಪ್ಪು. "ಒಪ್ಪಿಸಿಕೊಡುತ್ತಾನೆ" ಅಂತ ತಿದ್ದಬೇಕು. ಅಥವಾ "ಮತ್ತೆ ತಡೆಯುತ್ತಾನೆ" ಅಂತಲೂ ಆಗಬಹುದು! "ಹನ್ನೊಂದಕ್ಕಾ?" ಸೋಲಿನ ಮಾತೋ, ಸಮಯ ಗಿಟ್ಟಿಸುವ ಮಾತೋ ಅನ್ನುವುದನ್ನು ಬರೆದ ಪಠ್ಯ ತೀರ್ಮಾನಿಸಿಲ್ಲ. ಅದು ನಟನ ಪಾಲು.

ಆಮೇಲೆ ದೃಶ್ಯ ತಿರುಗುವ ಜಾಗಕ್ಕೆ ಪೆನ್ಸಿಲ್ ಗೆರೆ. ಹೊಸಬರು ಪ್ರತಿ ಸಾಲಿಗೂ ಒಂದು ಗೆರೆ ಎಳೆದುಬಿಡುತ್ತಾರೆ. ಇಲ್ಲಿರುವುದು ಎರಡೇ ತಿರುವು: "ವಕೀಲರು" ಎಂಬಲ್ಲಿ ಒಂದು, ಟಾರ್ಚ್ ಆರಿದಲ್ಲಿ ಇನ್ನೊಂದು. ನಡುವಿನದೆಲ್ಲ ಅದೇ ಹಗ್ಗಜಗ್ಗಾಟದ ಮುಂದುವರಿಕೆ.

ಇದೇ ಜಾತಿಯ ದೊಡ್ಡ ಮಾದರಿ ಬೇಕಿದ್ದರೆ ಚೆಕಾವ್‌ನ 'ಚೆರ್ರಿ ತೋಟ'ದ (1904) ನಾಲ್ಕನೇ ಅಂಕ. ಲೊಪಾಹಿನ್ ಈಗ ವಾರ್ಯಾಳನ್ನು ಮದುವೆಗೆ ಕೇಳುತ್ತಾನೆ ಅಂತ ಎಲ್ಲರೂ ಕಾಯುತ್ತಿದ್ದಾರೆ. ಇಬ್ಬರನ್ನೇ ಕೋಣೆಯಲ್ಲಿ ಬಿಟ್ಟಿದ್ದಾರೆ. ಅವಳು ಸಾಮಾನಿನ ನಡುವೆ ಏನನ್ನೋ ಹುಡುಕುತ್ತಾಳೆ, ಅವನು ಚಳಿಯ ಮಾತಾಡುತ್ತಾನೆ, ಅವಳು ಉಷ್ಣಮಾಪಕ ಒಡೆದಿದೆ ಅನ್ನುತ್ತಾಳೆ. ಹೊರಗಿನಿಂದ ಯಾರೋ ಕೂಗುತ್ತಾರೆ. ಅವನು ಅದಕ್ಕೇ ಕಾದಿದ್ದವನಂತೆ ಹೊರಟುಹೋಗುತ್ತಾನೆ. ಮದುವೆಯ ಸುದ್ದಿಯೇ ಇಲ್ಲ. ಆದರೆ ಮುಂಚೆ ಎಲ್ಲರೂ ಕಾದಿದ್ದು ನಮಗೆ ಗೊತ್ತಿರುವುದರಿಂದ, ಚಳಿಯ ಪ್ರತಿ ಮಾತೂ ಕೇಳದೆ ಉಳಿದ ಪ್ರಶ್ನೆಯೇ ಆಗಿ ಕೇಳಿಸುತ್ತದೆ. ಆ ನಿರೀಕ್ಷೆಯನ್ನು ತೆಗೆದುಬಿಡಿ, ಉಳಿಯುವುದು ಹವಾಮಾನ ವರದಿ.

ಕತ್ತರಿಮೇಜು:
ನಿಮ್ಮ ಕೊನೆಯ ಸಾಲು ಹೇಳಿದ್ದೇ ನನ್ನ ಪ್ರಕಾರ ಮುಖ್ಯ ವಿಧಾನ. ತೆಗೆದು ನೋಡು, ಬದಲಿಸಿ ನೋಡು. ಒಂದು ಅಂಶಕ್ಕೆ ಅರ್ಥವಿದೆ ಅಂತ ಬರೆಯುವ ಮುಂಚೆ ಅದರ ಜಾಗದಲ್ಲಿ ಇನ್ನೊಂದನ್ನಿಡಿ. ಏನೂ ಕೆಡದಿದ್ದರೆ ಅದರ ಬಗ್ಗೆ ಪ್ಯಾರಾ ಬರೆಯಬೇಡಿ.

ಟಾರ್ಚಿಗೇ ಮಾಡೋಣ. ತಂಗಿ ಆರಿಸುವ ಬದಲು ಬ್ಯಾಟರಿ ಮುಗಿದು ತಾನೇ ಆರಿದರೆ? ಕತ್ತಲೆ ಅದೇ, ಅಣ್ಣನ ಮಾತೂ ಅದೇ. ಆದರೆ ಅವಳ ನಿರ್ಧಾರ ಮಾಯ, "ಹನ್ನೊಂದಕ್ಕಾ?" ಎಂಬುದು ಅವನಾಗಿಯೇ ಬಿಟ್ಟುಕೊಟ್ಟ ಮಾತಾಗುತ್ತದೆ. ಉರಿಯುವ ಟಾರ್ಚನ್ನೇ ಮೇಜಿನ ಮೇಲಿಟ್ಟು ಹೋದರೆ? ಆಗ ಅವಳು ಸಹಾಯ ಮುಂದುವರಿಸಿ, ತನ್ನನ್ನು ಮಾತ್ರ ಹಿಂದೆಗೆದುಕೊಂಡಂತೆ. ಅದು ಮುನಿಸು. ಅಣ್ಣನ ಮುಖಕ್ಕೇ ಬೆಳಕು ತಿರುಗಿಸಿದರೆ? ಅದು ವಿಚಾರಣೆ. ನಾಲ್ಕು ರೂಪದಲ್ಲೂ ಸಂಭಾಷಣೆಯ ಒಂದಕ್ಷರ ಬದಲಾಗಿಲ್ಲ.

ಹಾಗಾಗಿ "ಕತ್ತಲೆ ಅಂದರೆ ಸಾವು" ಅಂತ ಬರೆಯುವವರು ಬ್ಯಾಟರಿ ಮುಗಿದ ರೂಪಕ್ಕೂ ಅದನ್ನೇ ಬರೆಯಬೇಕಾಗುತ್ತದೆ. ಎರಡು ದೃಶ್ಯಗಳ ವ್ಯತ್ಯಾಸವನ್ನೇ ಹಿಡಿಯದ ವಿವರಣೆ ಯಾವುದಕ್ಕೂ ವಿವರಣೆಯಲ್ಲ.

ಮೂರನೇಗಂಟೆ:
ಹಾಗಾದರೆ ಗಡಿಯಾರ? ತಂದೆಯ ಗಡಿಯಾರ, ನಿಂತುಹೋಗಿದೆ, ಮಗ ನಡೆಸಲು ಹೆಣಗುತ್ತಿದ್ದಾನೆ. ಇದನ್ನೂ ಸಂಕೇತ ಅನ್ನಬಾರದೇ? ಸಂಕೇತದ ಹೆಸರೆತ್ತಿದರೇ ಹೌಹಾರುವುದು ಇನ್ನೊಂದು ಅತಿ.

ಕತ್ತರಿಮೇಜು:
ಅನ್ನಬಹುದು. ಅದೇ ಪರೀಕ್ಷೆ ಹಾಕಿ. ಗಡಿಯಾರದ ಬದಲು ರೇಡಿಯೋ ಇಡಿ. ಕೈಕೆಲಸ ಉಳಿಯಿತು, ಟಾರ್ಚಿನ ಅಗತ್ಯ ಉಳಿಯಿತು, ತಂದೆಯ ವಸ್ತು ಅನ್ನುವುದೂ ಉಳಿಯಿತು. ಕಳೆದದ್ದು ಒಂದೇ: "ಹನ್ನೊಂದಕ್ಕೆ" ಎಂಬ ಮಾತಿಗೆ ಇದ್ದ ಪ್ರತಿಧ್ವನಿ. ನಿಂತ ಗಡಿಯಾರದ ಮುಂದೆ ಒಬ್ಬಳು ನಾಳೆಯ ಹೊತ್ತು ಹೇಳುತ್ತಿದ್ದಾಳೆ. ಅವನು ಕೊನೆಗೆ ಬಾಯಿಬಿಡುವುದೂ ಆ ಹೊತ್ತನ್ನು ಹಿಡಿದೇ. ಇಷ್ಟು ಬರೆದರೆ ಸಂಕೇತ ದೃಶ್ಯದ ಒಳಗಿನಿಂದ ಬಂತು. "ಗಡಿಯಾರ ಕಾಲದ ಸಂಕೇತ" ಅಂದರೆ ನಿಘಂಟಿನಿಂದ ಬಂತು.

ಬೆಳಕುಪೆಟ್ಟಿಗೆ:
ರಂಗದ ಕಡೆಯಿಂದ ಕೆಲವು ಮಾತು. ಕಾಗದದ ಮೇಲೆ "ಟಾರ್ಚ್ ಆರಿಸುತ್ತಾಳೆ" ಅಂತ ಬರೆಯುವುದು ಸುಲಭ. ಹಿಂದಿನ ಸಾಲಿನ ಪ್ರೇಕ್ಷಕರಿಗೆ ಅದು ಕಾಣದಿದ್ದರೆ ಮೇಲೆ ಹೇಳಿದ ಅರ್ಥವೆಲ್ಲ ಕಾಗದದಲ್ಲೇ ಉಳಿಯುತ್ತದೆ.

ರಂಗದ ಸಾಮಾನ್ಯ ಬೆಳಕು ಪೂರ್ತಿ ಇದ್ದರೆ ಕೈಟಾರ್ಚ್ ಹೊತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಆ ದೃಶ್ಯಕ್ಕೆ ಸಾಮಾನ್ಯ ಬೆಳಕನ್ನು ಶೇ. 25ರ ಆಸುಪಾಸಿಗೆ ಇಳಿಸಿ, ಮೇಜಿನ ನೇರ ಮೇಲೆ ಒಂದು ಇಕ್ಕಟ್ಟಾದ ಸ್ಪಾಟ್ ಕಟ್ಟಿ. ಟಾರ್ಚ್ ಹೊತ್ತಿದಾಗ ಅದೂ ಹೊತ್ತಬೇಕು, ಆರಿದಾಗ ಅದೂ ಆರಬೇಕು. ಎರಡೂ ಶೂನ್ಯ ಸೆಕೆಂಡಿನ ಕ್ಯೂ (ಬೆಳಕು ಬದಲಿಸುವ ಸೂಚನೆ), ಮೆಲ್ಲಗೆ ಇಳಿಸುವುದಲ್ಲ. ಸ್ಪಾಟ್ ಅರ್ಧ ಸೆಕೆಂಡ್ ತಡವಾದರೆ ಪ್ರೇಕ್ಷಕರಿಗೆ ಮೋಸ ಗೊತ್ತಾಗಿ ನಗುತ್ತಾರೆ. ಬೆಳಕಿನ ಕೋಣೆಯಿಂದ ಹೆಬ್ಬೆರಳು ಕಾಣುವುದಿಲ್ಲ. ಆರಿಸುವ ಮುಂಚೆ ನಟಿ ಮೊಣಕೈಯನ್ನು ತುಸು ಮೈಗೆ ಸೆಳೆದುಕೊಳ್ಳುವುದನ್ನು ರೂಢಿ ಮಾಡಿಸಿ, ಅದನ್ನೇ ಕ್ಯೂ ಮಾಡಿಕೊಳ್ಳಿ.

ಬಣ್ಣ ನೋಡಿಕೊಳ್ಳಿ. ಹ್ಯಾಲೊಜೆನ್ ದೀಪವನ್ನು ಇಳಿಸಿದಷ್ಟೂ ಬೆಳಕು ಕೆಂಪಾಗುತ್ತದೆ. ಕೈಯಲ್ಲಿರುವ ಎಲ್‌ಇಡಿ ಟಾರ್ಚ್ ನೀಲಿಬಿಳಿ. ಸ್ಪಾಟಿಗೆ ತಿಳಿನೀಲಿ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕದಿದ್ದರೆ ಎರಡು ಬೆಳಕು ಎರಡು ಮೂಲದಿಂದ ಬಂದಂತೆ ಕಾಣುತ್ತದೆ. ಇನ್ನೊಂದು, ಮೇಲಿನ ಸ್ಪಾಟ್ ಅಣ್ಣನ ಕಣ್ಣುಗುಳಿಗಳನ್ನು ಕಪ್ಪು ಮಾಡುತ್ತದೆ. ಬಿಚ್ಚಿದ ಗಡಿಯಾರದ ಕೆಳಗೆ ಬಿಳಿ ಕಾಗದ ಹಾಸಿ. ಸಣ್ಣ ಬಿಡಿಭಾಗ ಬಿಚ್ಚುವವರು ಹೇಗೂ ಹಾಸಿಕೊಳ್ಳುತ್ತಾರೆ. ಬೆಳಕು ಅದರಿಂದ ಪುಟಿದು ಮುಖಕ್ಕೆ ಬರುತ್ತದೆ. ಟಾರ್ಚ್ ಆರಿದಾಗ ಮುಖವೂ ಹೋಗುತ್ತದೆ. ನಮಗೆ ಬೇಕಾದದ್ದು ಅದೇ: "ಹನ್ನೊಂದಕ್ಕಾ?" ಎಂಬುದನ್ನು ಮುಖ ಕಾಣದೆ ಕೇಳುವುದು.

ನಿಲುವಿನ ವಿಚಾರ. ತಂಗಿಯನ್ನು ಅಣ್ಣನ ಹಿಂದೆ, ಪ್ರೇಕ್ಷಕರಿಗೆ ಎದುರಾಗಿ ನಿಲ್ಲಿಸಿದರೆ ಇಬ್ಬರ ಮುಖವೂ ನಮಗೆ ಕಾಣುತ್ತದೆ, ಅವಳ ಮುಖ ಅವನಿಗೆ ಕಾಣುವುದಿಲ್ಲ. ಅವಳು ಆರಿಸಲು ಮನಸ್ಸು ಮಾಡುವುದು ಅವನಿಗಿಂತ ಎರಡು ಕ್ಷಣ ಮುಂಚೆ ನಮಗೆ ಗೊತ್ತು. ಪಕ್ಕದಲ್ಲಿ ನಿಲ್ಲಿಸಿದರೆ ಈ ಎರಡು ಕ್ಷಣ ಸಿಗುವುದಿಲ್ಲ. ಯಾರಿಗೆ ಯಾವಾಗ ಏನು ಗೊತ್ತು ಅನ್ನುವ ಮೂರು ಕಂಬಸಾಲಿನ ಪಟ್ಟಿ (ಅಣ್ಣ, ತಂಗಿ, ಪ್ರೇಕ್ಷಕ) ಮಾಡಿಕೊಂಡರೆ ಅರ್ಧ ವಿಶ್ಲೇಷಣೆ ಮುಗಿದಂತೆ.

ಕತ್ತರಿಮೇಜು:
ಆ ಮೂರು ಕಂಬಸಾಲಿನ ಪಟ್ಟಿ ಸಂಕಲನಕ್ಕೂ ಹಾಗೇ ಹೊಂದುತ್ತದೆ. ತೆರೆಯ ಮೇಲೆ ನೀವು ನಿಲುವಿನಿಂದ ಮಾಡಿದ್ದನ್ನು ನಾವು ಷಾಟಿನ ಆಯ್ಕೆಯಿಂದ ಮಾಡಬೇಕು. ದಾರಿ ಮೂರಾದರೂ ಇವೆ.

ಒಂದೇ ಷಾಟಿನಲ್ಲಿ ಇಬ್ಬರೂ: ರಂಗಕ್ಕೆ ಹತ್ತಿರ, ಯಾರನ್ನು ನೋಡಬೇಕು ಅನ್ನುವುದನ್ನು ಪ್ರೇಕ್ಷಕರೇ ಆರಿಸುತ್ತಾರೆ. ಹೆಬ್ಬೆರಳಿನ ಕ್ಲೋಸಪ್: ನಿರ್ಧಾರವೇ ದೃಶ್ಯದ ವಿಷಯವಾಗುತ್ತದೆ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಗುಂಡಿ ಒತ್ತುವ ಮುಂಚೆ ಬೆರಳನ್ನು 12 ಫ್ರೇಮ್ ತೋರಿಸಿದರೆ ಸಿಟ್ಟು, 36 ಫ್ರೇಮ್ ತೋರಿಸಿದರೆ ಹಿಂಜರಿಕೆ. ಒಂದು ಸೆಕೆಂಡಿನ ಅಂತರದಲ್ಲಿ ಪಾತ್ರವೇ ಬೇರೆ. ಮೂರನೆಯದು, ಅಣ್ಣನ ಮುಖದ ಮೇಲೇ ಕ್ಯಾಮೆರಾ ಬಿಟ್ಟು, ಕ್ಲಿಕ್ ಎಂಬ ಸದ್ದಿನೊಂದಿಗೆ ಮುಖ ಕತ್ತಲಾಗುವುದು. ಪರಿಣಾಮ ಮುಂಚೆ, ಕಾರಣ ಊಹೆಗೆ. ಆಗ ತಂಗಿಯ ಮನಸ್ಸು ಅವನಿಗೆಷ್ಟು ಮುಚ್ಚಿದೆಯೋ ನಮಗೂ ಅಷ್ಟೇ.

ನನಗೆ ಮೂರನೆಯದು ಇಷ್ಟ. ಕ್ಲೋಸಪ್ ಸ್ವಲ್ಪ ಕೂಗಿ ಹೇಳಿದಂತೆ.

ಮೂರನೇಗಂಟೆ:
ಕ್ಲೋಸಪ್ಪಿನಲ್ಲಿ ತಂಗಿಯ ಮುಖವನ್ನೇ ಹಾಕಿದರೆ? ಅವಳು ಏನೂ ಅಭಿನಯಿಸದಿದ್ದರೂ ರಷ್ಯದ ನಿರ್ದೇಶಕ ಕುಲೆಶೊವ್‌ನ ಪ್ರಯೋಗದಂತೆ ನಾವೇ ಅರ್ಥ ತುಂಬಿಕೊಳ್ಳುವುದಿಲ್ಲವೇ?

ಸಾಲುನಡುವೆ:
ಅದನ್ನು ಉಲ್ಲೇಖಿಸುವಾಗ ಎಚ್ಚರ ಬೇಕು. ನಟ ಮೊಝುಹಿನ್‌ನ ಭಾವವಿಲ್ಲದ ಒಂದೇ ಮುಖವನ್ನು ಬೇರೆ ಬೇರೆ ಚಿತ್ರಗಳ ಜೊತೆ ಜೋಡಿಸಿದಾಗ ನೋಡುಗರು ಬೇರೆ ಬೇರೆ ಭಾವ ಕಂಡರು ಅನ್ನುವುದು ಪ್ರಸಿದ್ಧ ಕಥೆ. ಆ ಮೂಲ ಚಿತ್ರಸುರುಳಿ ಉಳಿದಿಲ್ಲ. ನಮಗೆ ಬಂದಿರುವುದು ಬಹುಮಟ್ಟಿಗೆ ಅವನ ಶಿಷ್ಯ ಪುದೊವ್‌ಕಿನ್ ಬರೆದ ವಿವರ. ಅಂತರ್ಜಾಲದಲ್ಲಿ "ಕುಲೆಶೊವ್ ಪ್ರಯೋಗ" ಅಂತ ಓಡಾಡುವ ತುಣುಕುಗಳನ್ನು ಮೂಲ ಅಂದುಕೊಂಡು ಅದರ ಫ್ರೇಮ್ ಎಣಿಸಲು ಹೋಗಬೇಡಿ.

ಪಕ್ಕದ ಷಾಟಿನಿಂದ ಅರ್ಥ ಸೋರಿ ಬರುತ್ತದೆ ಅನ್ನುವುದು ನಿಜ, ಆದರೆ ಅಳತೆಯಿಲ್ಲದೆ ಅಲ್ಲ. ಅದು ನಡೆಯಬೇಕಾದರೆ ಮುಖ ಏನನ್ನೋ ನೋಡುತ್ತಿದೆ ಎಂಬ ನಂಬಿಕೆ ಮೊದಲು ಹುಟ್ಟಬೇಕು, ಅಂದರೆ ನೋಟದ ದಿಕ್ಕು ಹೊಂದಬೇಕು. ತಂಗಿ ಚೌಕಟ್ಟಿನ ಎಡಕ್ಕೆ, ಕೆಳಗೆ ನೋಡುತ್ತಿದ್ದರೆ ಅಣ್ಣ ಚೌಕಟ್ಟಿನ ಆ ಎಡಗಡೆಯೇ, ಕೂತಿರಬೇಕು. ಇಬ್ಬರ ನಡುವೆ ಎಳೆದ ಕಾಲ್ಪನಿಕ ಗೆರೆಯ ಒಂದೇ ಪಕ್ಕದಲ್ಲಿ ಕ್ಯಾಮೆರಾ ಉಳಿಯಬೇಕು ಎಂಬ 180 ಡಿಗ್ರಿ ನಿಯಮ ಇರುವುದು ಇದಕ್ಕೇ. ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡಿದಂತೆ ಕಾಣುತ್ತಾರೆ, ಜಗಳದ ಎಳೆ ಸಡಿಲವಾಗುತ್ತದೆ. ಬೇಕೆಂದೇ ದಾಟುವವರಿದ್ದಾರೆ. ಆಗ ವಿಶ್ಲೇಷಣೆಯಲ್ಲಿ ಕೇಳಬೇಕಾದ್ದು "ನಿಯಮ ಮುರಿದರೇ?" ಅಂತಲ್ಲ, ಯಾವ ಸಾಲಿನಲ್ಲಿ ದಾಟಿದರು, ಅಲ್ಲೇ ಯಾಕೆ ಅಂತ.

ಎಣಿಕೆಮಣೆ:
ಫ್ರೇಮ್ ಎಣಿಕೆಯ ಮಾತು ಬಂತಲ್ಲ, ಷಾಟ್ ಪಟ್ಟಿ ಮಾಡುವ ಬಗ್ಗೆ.

ನಾಲ್ಕು ನಿಮಿಷದೊಳಗಿನ ದೃಶ್ಯ ತೆಗೆದುಕೊಳ್ಳಿ. ಮೊದಲು ಏನೂ ಬರೆಯದೆ ಒಮ್ಮೆ ನೋಡಿ. ಎರಡನೇ ಸಲ ಸದ್ದು ತೆಗೆದು ನೋಡಿ. ಮೂರನೇ ಸಲ ಕಣ್ಣು ಮುಚ್ಚಿ ಕೇಳಿ. ಆಮೇಲೆ ಪಟ್ಟಿ. ಕಂಬಸಾಲು ಆರು ಸಾಕು: ಷಾಟ್ ಸಂಖ್ಯೆ, ಅವಧಿ, ಗಾತ್ರ (ದೂರ, ಮಧ್ಯಮ, ಹತ್ತಿರ), ಕ್ಯಾಮೆರಾದ ಎತ್ತರ ಮತ್ತು ಚಲನೆ, ಮಾತಿನ ಯಾವ ಪದದ ಮೇಲೆ ಕಟ್ ಬಿತ್ತು, ಯಾವ ಸದ್ದು ಶುರುವಾಯಿತು ಅಥವಾ ನಿಂತಿತು. ಐದನೆಯದನ್ನೇ ಎಲ್ಲರೂ ಬಿಡುತ್ತಾರೆ, ಹೆಚ್ಚು ಉಪಯುಕ್ತವೂ ಅದೇ. ಮಾತಾಡುವವನ ಮೇಲೆ ಕಟ್ ಆಗುತ್ತಿದೆಯೋ, ಕೇಳಿಸಿಕೊಳ್ಳುವವನ ಮೇಲೋ, ಮಾತು ಮುಗಿಯುವ ಮುಂಚೆಯೋ, ಮುಗಿದ ಮೇಲೋ ಅನ್ನುವುದರಲ್ಲಿ ದೃಶ್ಯ ಯಾರ ಪಕ್ಷ ಅಂತ ಗೊತ್ತಾಗುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ 'ಇ' ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ.

ಸರಾಸರಿಯನ್ನು ನಂಬಿ ಕೆಡಬೇಡಿ. 200 ಸೆಕೆಂಡಿನ ದೃಶ್ಯದಲ್ಲಿ 25 ಷಾಟ್ ಇದ್ದರೆ ಸರಾಸರಿ 8 ಸೆಕೆಂಡ್. ಆದರೆ ಅದರಲ್ಲಿ 20 ಷಾಟ್ ತಲಾ 3 ಸೆಕೆಂಡ್, 5 ಷಾಟ್ ತಲಾ 28 ಸೆಕೆಂಡ್ ಇದ್ದರೂ ಮೊತ್ತ 200, ಸರಾಸರಿ ಅದೇ 8. ಎಂಟು ಸೆಕೆಂಡಿನ ಷಾಟ್ ಮಾತ್ರ ಒಂದೂ ಇಲ್ಲ! ಆ ಐದು ಉದ್ದ ಷಾಟುಗಳು ಎಲ್ಲಿ ಬಿದ್ದಿವೆ ಅನ್ನುವುದೇ ವಿಷಯ. ಅವಧಿಗಳನ್ನು ಸಾಲಾಗಿ ಕಡ್ಡಿಗಳಂತೆ ಗೀಚಿ ನೋಡಿದರೆ ಉಸಿರು ಎಲ್ಲಿ ಹಿಡಿದಿದ್ದಾರೆ ಅಂತ ಕಣ್ಣಿಗೇ ಕಾಣುತ್ತದೆ.

ಯಾವ ಪ್ರತಿ ನೋಡುತ್ತಿದ್ದೀರಿ ಅನ್ನುವುದೂ ಮುಖ್ಯ. 24 ಫ್ರೇಮಿನಲ್ಲಿ ತೆಗೆದ ಚಿತ್ರವನ್ನು ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಗೆ ಹಾಕುವಾಗ ಸಾಮಾನ್ಯವಾಗಿ 25 ಫ್ರೇಮಿನಲ್ಲಿ ಓಡಿಸುತ್ತಿದ್ದರು. 100 ನಿಮಿಷದ ಚಿತ್ರ 96ಕ್ಕೆ ಮುಗಿಯುತ್ತದೆ, ಸ್ವರವನ್ನು ತಿದ್ದದಿದ್ದರೆ ಅದೂ ಏರುತ್ತದೆ. ಅಗಲ ತೆರೆಯ ಚಿತ್ರವನ್ನು ಟಿವಿಗೆ ಕತ್ತರಿಸಿದ ಪ್ರತಿಯಾದರೆ ಚೌಕಟ್ಟಿನ ಅಂಚಿನಲ್ಲಿ ನಿಂತ ಪಾತ್ರವೇ ಮಾಯವಾಗಿರಬಹುದು. ಅಂಥ ಪ್ರತಿ ನೋಡಿ "ಇಲ್ಲಿ ಅವನನ್ನು ಒಂಟಿಯಾಗಿ ತೋರಿಸಿದ್ದಾರೆ" ಅಂತ ಬರೆದವರಿದ್ದಾರೆ. ಪಾಪ, ಒಂಟಿ ಮಾಡಿದ್ದು ಟಿವಿಯವರು.

ಮೂರನೇಗಂಟೆ:
ಲೆನ್ಸ್ ಕಂಬಸಾಲು ಬೇಡವೇ? ಉದ್ದ ಲೆನ್ಸ್ ಹಾಕಿದರೆ ಹಿನ್ನೆಲೆ ಮೈಮೇಲೆ ಬಂದಂತಾಗಿ ಉಸಿರುಗಟ್ಟುತ್ತದೆ ಅಂತ ಓದಿದ್ದು.

ಎಣಿಕೆಮಣೆ:
ಹಿನ್ನೆಲೆ ಹತ್ತಿರ ಬರುವುದು ಕ್ಯಾಮೆರಾ ದೂರ ಹೋದದ್ದರಿಂದ. ಲೆನ್ಸ್ ಮಾಡುವುದು ಕತ್ತರಿಸುವ ಕೆಲಸ ಮಾತ್ರ. ಲೆಕ್ಕ ನೋಡಿ. ಅಣ್ಣನ ಮುಖದ 2 ಮೀಟರ್ ಹಿಂದೆ ಗೋಡೆ, ಅದರ ಮೇಲೆ ತಂದೆಯ ಫೋಟೋ. 25 ಎಂಎಂ ಲೆನ್ಸಿನೊಂದಿಗೆ ಕ್ಯಾಮೆರಾ 1 ಮೀಟರ್ ದೂರದಲ್ಲಿದ್ದರೆ ಮುಖಕ್ಕೆ 1, ಫೋಟೋಗೆ 3. ಅಂದರೆ ಮುಖದ ಪಕ್ಕದಲ್ಲಿದ್ದಿದ್ದರೆ ಕಾಣುತ್ತಿದ್ದ ಗಾತ್ರದ ಮೂರನೇ ಒಂದರಷ್ಟು ಫೋಟೋ ಕಾಣುತ್ತದೆ. ಈಗ ಮುಖದಿಂದ 4 ಮೀಟರ್ ದೂರಕ್ಕೆ ಸರಿದು 100 ಎಂಎಂ ಹಾಕಿ. ಮುಖ ಚೌಕಟ್ಟಿನಲ್ಲಿ ಅಷ್ಟೇ ದೊಡ್ಡದು. ಫೋಟೋ? 4ಕ್ಕೆ 6, ಅಂದರೆ ಮೂರನೇ ಎರಡು. ತಂದೆ ಎರಡು ಪಟ್ಟು ದೊಡ್ಡವನಾದ.

ಹಾಗಾಗಿ ನೋಡುಗರಿಗೆ ಲೆನ್ಸಿನ ಸಂಖ್ಯೆ ಊಹಿಸುವ ಕೆಲಸ ಬೇಡ. "ಮುಖಕ್ಕೆ ಹೋಲಿಸಿದರೆ ಹಿಂದಿನ ಫೋಟೋ ಎಷ್ಟು ದೊಡ್ಡದು, ಮಸುಕೋ ಸ್ಪಷ್ಟವೋ" ಅಂತ ಬರೆದರೆ ಅದು ಪರೀಕ್ಷಿಸಬಹುದಾದ ಮಾತು.

ಪಕ್ಕವಾದ್ಯ:
ಸದ್ದಿನ ಬಗ್ಗೆ ಒಂದೇ ಕಂಬಸಾಲು ಕೊಟ್ಟು ಮುಗಿಸಿದ್ದೀರಿ, ಎಣಿಕೆಮಣೆಯವರೇ. ಇದು ನ್ಯಾಯವೇ!

ಟಾರ್ಚಿನ ದೃಶ್ಯದಲ್ಲಿ ಗಡಿಯಾರ ನಿಂತಿದೆ. ಅಂದರೆ ಟಿಕ್ ಟಿಕ್ ಇಲ್ಲ. ಒತ್ತಡ ಹುಟ್ಟಿಸಲಿಕ್ಕೆ ಅಂತ ಯಾರಾದರೂ ಹಿನ್ನೆಲೆಯಲ್ಲಿ ಟಿಕ್ ಟಿಕ್ ಸೇರಿಸಿದರೆ ಕಥೆಯ ವಾಸ್ತವಕ್ಕೇ ಪೆಟ್ಟು. ಇಲ್ಲಿರಬೇಕಾದ್ದು ಇಕ್ಕುಳದ ಸಣ್ಣ ಲೋಹಸದ್ದು, ಕೋಣೆಯ ಮೌನದ ಸದ್ದು. ಟಾರ್ಚ್ ಆರಿದಾಗ ಇಕ್ಕುಳದ ಸದ್ದು ನಿಲ್ಲಬೇಕು. ಅವನು ಕೆಲಸ ಬಿಟ್ಟ ಅನ್ನುವುದಕ್ಕೆ ಕತ್ತಲಲ್ಲಿ ಅದೊಂದೇ ಸಾಕ್ಷಿ. ನಿಂತ ಮೇಲೆ ಎರಡು ಸೆಕೆಂಡ್, ಆಮೇಲೆ "ಹನ್ನೊಂದಕ್ಕಾ?". ಸದ್ದು ನಿಲ್ಲುವ ಮುಂಚೆಯೇ ಮಾತು ಬಂದರೆ ಅವನು ಕೇಳುತ್ತಲೇ ಕೆಲಸ ಮುಂದುವರಿಸಿದ ಹಾಗೆ. ಅದು ಸಾಲುನಡುವೆಯವರ "ಮತ್ತೆ ತಡೆಯುತ್ತಾನೆ" ರೂಪ.

ಸದ್ದನ್ನು ತೆಗೆಯುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ರಂಗದಿಂದ ಒಂದು, ತೆರೆಯಿಂದ ಒಂದು ಜೋಡಿ ಇಡುತ್ತೇನೆ. 1949ರ ಬರ್ಲಿನ್ ಪ್ರಯೋಗದಲ್ಲಿ ಬ್ರೆಕ್ಟ್‌ನ 'ಮದರ್ ಕರೇಜ್' ಪಾತ್ರ ಮಾಡಿದ ಹೆಲೆನ್ ವೈಗೆಲ್, ಮಗನನ್ನು ಕೊಂದ ಗುಂಡಿನ ಸದ್ದು ಕೇಳಿದಾಗ ಬಾಯಿ ಪೂರ್ತಿ ತೆರೆದು, ತಲೆ ಹಿಂದಕ್ಕೆ ಬಾಗಿಸಿ, ಸದ್ದೇ ಇಲ್ಲದೆ ಚೀರಿದರು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಯಲ್ಲಿ (1955) ಊರಿಂದ ಮರಳಿದ ಹರಿಹರ, ಮಗಳು ತೀರಿಹೋದದ್ದು ತಿಳಿಯದೆ ಅವಳಿಗೆಂದು ತಂದ ಸೀರೆ ಹೊರತೆಗೆಯುತ್ತಾನೆ. ಸರ್ಬಜಯಾ ಕುಸಿದು ಅಳುತ್ತಾಳೆ. ನಮಗೆ ಕೇಳುವುದು ಅವಳ ಅಳುವಲ್ಲ, ಅದರ ಜಾಗದಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯ.

ಎರಡರಲ್ಲೂ ಅಳುವನ್ನು ಕಿತ್ತುಕೊಂಡಿದ್ದಾರೆ. ಕೆಲಸ ಮಾತ್ರ ಬೇರೆ ಬೇರೆ. ಕರೇಜ್ ಲಂಚದ ಮೊತ್ತಕ್ಕೆ ಚೌಕಾಸಿ ಮಾಡುತ್ತಾ ತಡಮಾಡಿದವಳು, ಮುಂದೆ ಹೆಣ ತಂದಾಗ ಗುರುತೇ ಇಲ್ಲ ಅನ್ನಬೇಕಾದವಳು. ದನಿ ಹೊರಡಿಸುವ ಹಕ್ಕೂ ಅವಳಿಗಿಲ್ಲ. ಆ ಮೌನ ಅವಳ ಪರಿಸ್ಥಿತಿಯದೇ ಭಾಗ. ಸರ್ಬಜಯಾ ನಿಜವಾಗಿ ದನಿಯೆತ್ತಿ ಅಳುತ್ತಿದ್ದಾಳೆ, ಕಥೆಯ ಒಳಗೆ ಹರಿಹರನಿಗೆ ಅದು ಕೇಳುತ್ತಿದೆ. ಬದಲಾದದ್ದು ನಮ್ಮ ಕಿವಿಗೆ ಮಾತ್ರ. ರಂಗದಲ್ಲಿ ಈ ಎರಡನೆಯದು ಕಷ್ಟ. ನಟಿ ಎದುರಿಗೇ ಇದ್ದಾಳೆ, ಅವಳ ಗಂಟಲನ್ನು ಬೇರೊಬ್ಬರು ಮುಚ್ಚಲಾಗದು. "ಎರಡೂ ಮೌನದ ಮೂಲಕ ದುಃಖ ಹೇಳುತ್ತವೆ" ಅಂತ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದರೆ ಈ ವ್ಯತ್ಯಾಸ ಹೋಗುತ್ತದೆ.

ರಂಗಸೂಚನೆ:
ಇದು ಚೆನ್ನಾಗಿ ಬಂತು. ರಂಗಕ್ಕೆ ಆಗದ್ದು ಅಂತ ಒಂದು ಹೇಳಿದಿರಿ. ತೆರೆಗೆ ಸುಲಭವಾಗಿ ಆಗದ್ದನ್ನು ನಾನು ಹೇಳುತ್ತೇನೆ. ನಾಟ್ಯಶಾಸ್ತ್ರದ ಕಕ್ಷ್ಯಾವಿಭಾಗದಲ್ಲಿ (ರಂಗದ ಜಾಗವನ್ನು ಬೇರೆ ಬೇರೆ ಸ್ಥಳವಾಗಿ ಹಂಚುವ ಪದ್ಧತಿ) ರಂಗದ ಮೇಲೆ ಒಂದು ಸುತ್ತು ನಡೆದರೆ ಊರು ಬದಲಾಯಿತು ಅಂತ ಒಪ್ಪಂದ. ಜನಾಂತಿಕದಲ್ಲಿ, ಅಂದರೆ ಉಳಿದವರಿಗೆ ಕೇಳದಂತೆ ಆಡುವ ಮಾತಿನಲ್ಲಿ, ತ್ರಿಪತಾಕ ಹಸ್ತ (ಉಂಗುರಬೆರಳು ಮಡಚಿದ ಮುದ್ರೆ) ಅಡ್ಡ ಹಿಡಿದರೆ ಪಕ್ಕದಲ್ಲೇ ನಿಂತವನಿಗೂ ಕೇಳಲಿಲ್ಲ ಅಂತ ಲೆಕ್ಕ. ಇಲ್ಲಿ ಅರ್ಥ ಬರುವುದು ತೋರಿಕೆಯಿಂದಲ್ಲ, ಕರಾರಿನಿಂದ. ವಿಶ್ಲೇಷಣೆಗೆ ಕೂರುವವರು ಮೊದಲ ಐದು ನಿಮಿಷದಲ್ಲಿ ಪ್ರಯೋಗ ಯಾವ ಕರಾರು ಮಾಡಿಕೊಂಡಿದೆ ಅಂತ ಗುರುತಿಸಬೇಕು. ಇಲ್ಲದ ಬಾಗಿಲನ್ನು ಕೈಯಿಂದ ತೆರೆದವರು, ಆಮೇಲೆ ಅದೇ ಜಾಗದಲ್ಲಿ ಸುಮ್ಮನೆ ನಡೆದುಹೋದರೆ ಅದು ತಪ್ಪೋ, ಹೇಳಿಕೆಯೋ? ಒಬ್ಬ ನಟ ಒಮ್ಮೆ ಮಾಡಿದರೆ ತಪ್ಪು. ಸತ್ತ ಪಾತ್ರವೊಂದೇ ಪ್ರತಿಸಲ ಹಾಗೆ ನಡೆದರೆ ಹೇಳಿಕೆ.

ಚಿತ್ರೀಕರಿಸಿದ ನಾಟಕದ ವಿಡಿಯೋ ನೋಡಿ ರಂಗವಿಶ್ಲೇಷಣೆ ಬರೆಯುವವರಿಗೂ ಒಂದು ಮಾತು. ಕ್ಯಾಮೆರಾ ಹತ್ತಿರ ಹೋದ ಹೊತ್ತಿಗೆ ರಂಗದ ಇನ್ನೊಂದು ಮೂಲೆಯಲ್ಲಿ ಏನಿತ್ತು ಅಂತ ಗೊತ್ತಾಗುವುದಿಲ್ಲ. ಸಾಧ್ಯವಾದರೆ ಕದಲದ ದೂರದ ಕ್ಯಾಮೆರಾದ ಪ್ರತಿ ಕೇಳಿ ಪಡೆಯಿರಿ. ಇಲ್ಲವಾದರೆ "ವಿಡಿಯೋದಲ್ಲಿ" ಅಂತಲೇ ಬರೆಯಿರಿ.

ಸಾಲುನಡುವೆ:
ಒಂದು ದೃಶ್ಯವನ್ನೇ ಕಿತ್ತು ಮೇಜಿನ ಮೇಲಿಟ್ಟರೆ ಸಿಗದ ಅರ್ಥವೂ ಇದೆ, ಅದನ್ನು ಯಾರೂ ಎತ್ತಿಲ್ಲ. ಕಾರ್ನಾಡರ 'ತುಘಲಕ್' (1964) ನಾಟಕದ ಕೊನೆಯಲ್ಲಿ ಅಜಾನ್ ಕೇಳುತ್ತದೆ, ಸುಲ್ತಾನ ನಿದ್ದೆಹೋಗಿದ್ದಾನೆ, ಆಮೇಲೆ ಬೆಚ್ಚಿ ಕಣ್ಣು ತೆರೆದು ಸುತ್ತ ನೋಡುತ್ತಾನೆ. ಆ ದೃಶ್ಯವನ್ನಷ್ಟೇ ನೋಡಿದವರಿಗೆ ದಣಿದ ದೊರೆ, ಹಿನ್ನೆಲೆಯಲ್ಲಿ ಒಂದು ಕರೆ. ಆದರೆ ಪ್ರಾರ್ಥನೆಯ ಹೊತ್ತಿನಲ್ಲೇ ಕೊಲೆಯ ಸಂಚು ನಡೆದದ್ದು, ಆಮೇಲೆ ಪ್ರಾರ್ಥನೆಯನ್ನೇ ಅವನು ನಿಷೇಧಿಸಿದ್ದು ನಮ್ಮ ನೆನಪಿನಲ್ಲಿದೆ. ಅದೇ ಸದ್ದು ಈಗ ಯಾವ ಭಾರ ಹೊತ್ತು ಬಂದಿದೆ ನೋಡಿ. ಹಾಗಾಗಿ ದೃಶ್ಯದಲ್ಲಿ ಎದ್ದುಕಾಣುವ ವಸ್ತು, ಸದ್ದು, ಮಾತಿನ ತುಣುಕು ಮುಂಚೆ ಎಲ್ಲೆಲ್ಲಿ ಬಂದಿತ್ತು, ಆಗ ಯಾರ ಕೈಯಲ್ಲಿತ್ತು ಅಂತ ಪುಟಸಂಖ್ಯೆ ಸಮೇತ ಗುರುತು ಹಾಕಿಕೊಳ್ಳಿ.

ಮೂರನೇಗಂಟೆ:
ಇಷ್ಟೆಲ್ಲ ನಿರ್ದೇಶಕರು ಯೋಚಿಸಿರುತ್ತಾರೆಯೇ?

ಕತ್ತರಿಮೇಜು:
ಬರಲೇಬೇಕಾದ ಪ್ರಶ್ನೆ, ಬಂತು. ಯೋಚಿಸಿದ್ದರೋ ಇಲ್ಲವೋ, ತೆರೆಯ ಮೇಲಿರುವುದು ಅದೇ. ಟಾರ್ಚ್ ಕೊನೆಯ ಗಳಿಗೆಯಲ್ಲಿ ಯಾರಿಗೋ ಹೊಳೆದದ್ದಾಗಿರಬಹುದು. "ನಿರ್ದೇಶಕರು ಹೀಗೆ ಹೇಳಬಯಸಿದ್ದಾರೆ" ಎಂಬ ವಾಕ್ಯವನ್ನು "ದೃಶ್ಯ ಹೀಗೆ ಮಾಡುತ್ತದೆ" ಅಂತ ತಿದ್ದಿ. ಸಾಕ್ಷಿಯ ಹೊರೆ ಸರಿಯಾದ ಜಾಗಕ್ಕೆ ಬರುತ್ತದೆ.

ಮೂರನೇಗಂಟೆ:
ಸರಿ, ಪ್ರಯತ್ನಿಸಿದ್ದೇನೆ. ತಿದ್ದಿ: "ಮಾತಿನಲ್ಲಿ ಅಣ್ಣನೇ ಮೇಲುಗೈ, ತಂಗಿಯ ಎರಡೂ ವಾಕ್ಯಕ್ಕೆ ಅವನು ಅಪ್ಪಣೆಯಿಂದ ಉತ್ತರಿಸುತ್ತಾನೆ. ಎರಡನೇ ಅಪ್ಪಣೆಗೆ ಅವಳು ಮಾತಿನಿಂದ ಎದುರಾಡದೆ ಅವನ ಕೆಲಸಕ್ಕೆ ಬೇಕಾದ ಬೆಳಕನ್ನು ಹಿಂತೆಗೆಯುತ್ತಾಳೆ. ಅವಳ ಮಾತಿನಿಂದ ಒಂದು ಪದವನ್ನು ಅವನು ಮೊದಲ ಸಲ ತನ್ನ ಬಾಯಲ್ಲಿ ಎತ್ತಿಕೊಳ್ಳುವುದು ಆಗಲೇ. ಮಾರ್ಮಿಕವಾದ ಈ ದೃಶ್ಯ ಸಂಬಂಧಗಳ ಸಂಕೀರ್ಣತೆಯನ್ನು ಬಿಚ್ಚಿಡುತ್ತದೆ."

ಸಾಲುನಡುವೆ:
ಕೊನೆಯ ವಾಕ್ಯ ಹೊಡೆದುಹಾಕಿ. ಅದು ಯಾವ ದೃಶ್ಯಕ್ಕೂ ಹೊಂದುತ್ತದೆ, ಅದಕ್ಕೇ ಇದಕ್ಕೆ ಬೇಡ. "ಅವಳ ಮಾತಿನಿಂದ ಒಂದು ಪದವನ್ನು ಎತ್ತಿಕೊಳ್ಳುವುದು" ನಾವ್ಯಾರೂ ಹೇಳಿರಲಿಲ್ಲ. ಅದೇ ನಿಮ್ಮ ಬರಹದ ನಡುಗಂಬವಾಗಲಿ.

ಮೂರನೇಗಂಟೆ:
ಬೆಳಕುಪೆಟ್ಟಿಗೆಯವರಿಗೆ ಒಂದು ತಲೆಹರಟೆ ಪ್ರಶ್ನೆ: ಪ್ರಯೋಗದ ದಿನ ಟಾರ್ಚ್ ಹೊತ್ತಲೇ ಇಲ್ಲ ಅಂದರೆ ಇಷ್ಟೂ ಅರ್ಥದ ಗತಿ?

ಬೆಳಕುಪೆಟ್ಟಿಗೆ:
ತಲೆಹರಟೆ ಏನಲ್ಲ, ಆಗುವಂಥದ್ದೇ. ಪ್ರತಿ ಪ್ರಯೋಗಕ್ಕೂ ಹೊಸ ಸೆಲ್, ಮೇಜಿನ ಖಾನೆಯಲ್ಲಿ ಎರಡನೇ ಟಾರ್ಚ್. ಅದೂ ಕೈಕೊಟ್ಟರೆ ನಟಿ ಟಾರ್ಚ್ ಬಿಟ್ಟು, ಮೇಜಿನ ಮೇಲೆ ಮುಂಚೆಯೇ ಆರಿಸಿಟ್ಟಿದ್ದ ದೀಪವನ್ನೇ ಹೊತ್ತಿಸಿ ಎತ್ತಿ ಹಿಡಿಯಲಿ. ಮೇಲಿನ ಸ್ಪಾಟ್ ಅದರೊಂದಿಗೆ ಹೊತ್ತಲಿ, ಅವಳು ಹಿಂದೆ ಸರಿದಾಗ ಆರಲಿ. ಅಣ್ಣನ ಸಾಲು "ಆ ದೀಪ ಈ ಕಡೆ ಹಿಡಿ" ಅಂತಾದರೆ ಯಾರಿಗೂ ಗೊತ್ತಾಗುವುದಿಲ್ಲ. "ಅಲ್ಲಾಡಿಸ್ಬೇಡ" ಅಂದಾಗ ಅವಳು ದೀಪವನ್ನು ಆರಿಸಬೇಕೆಂದೂ ಇಲ್ಲ. ಮೇಜಿನಿಂದ ಎರಡು ಹೆಜ್ಜೆ ಹಿಂದೆ ಸರಿದರೆ ಸಾಕು. ಬೆಳಕು ಅವಳೊಂದಿಗೆ ಹೋಗುತ್ತದೆ, ಅಣ್ಣ ತಲೆಯೆತ್ತಲೇಬೇಕಾಗುತ್ತದೆ. ಒಂದೇ ತೊಂದರೆ, ಆಗ ಅವನ ಮುಖ ಕಾಣುತ್ತದೆ. "ಹನ್ನೊಂದಕ್ಕಾ?" ಎಂಬುದನ್ನು ನಟ ಆ ದಿನ ಮುಖದಲ್ಲೂ ಹೇಳಬೇಕು.